ಚಲಿಸುವ ಮನೆಯ ಚುಕ್ಕಾಣಿ ಯಾರ ಕೈಯಲ್ಲಿ?

ಮನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪಂಚಾಂಗ, ಗೋಡೆ, ಮಾಡು, ಅಂಗಳ. ಅದು ನಿಂತಲ್ಲೇ ನಿಲ್ಲುವಂಥದ್ದು. ಆದರೆ ಮನುಷ್ಯನ ಇತಿಹಾಸದಲ್ಲಿ ಮನೆಯು ನಿಂತ ಕಾಲಕ್ಕಿಂತ ಚಲಿಸಿದ ಕಾಲವೇ ದೀರ್ಘ. ಅರಬ್ ಮರುಭೂಮಿಯ ಬೆದೂಯಿನ್ ಗುಡಾರ, ಮಧ್ಯ ಏಷ್ಯಾದ ಅಲೆಮಾರಿಗಳ ದುಂಡು ಡೇರೆ, ಯುರೋಪಿನ ರೊಮಾನಿ ಜನರ ಕುದುರೆ ಬಂಡಿ, ಉಪ್ಪು ಮತ್ತು ಧಾನ್ಯ ಹೇರಿಕೊಂಡು ದಖ್ಖನಿನ ಉದ್ದಗಲಕ್ಕೆ ಸಂಚರಿಸುತ್ತಿದ್ದ ಲಂಬಾಣಿಗಳ ಎತ್ತಿನ ಸಾಲು, ಇವೆಲ್ಲವೂ ಚಲಿಸುವ ಮನೆಗಳೇ. ಈ ಪಟ್ಟಿಗೆ ಇಪ್ಪತ್ತನೆಯ ಶತಮಾನ ಸೇರಿಸಿದ್ದು ಮೋಟಾರ್ ಹೋಮ್. ಅಡುಗೆ ಮನೆ, ಹಾಸಿಗೆ, ಸ್ನಾನದ ಕೋಣೆ, ನೀರಿನ ಟಾಂಕಿ ಎಲ್ಲವನ್ನೂ ಹೊತ್ತು ತಾನೇ ಓಡುವ ವಾಹನ ಅದು. ಅಮೆರಿಕದಲ್ಲಿ ಇಂದು ಸಿಗುವ ದೊಡ್ಡ ಮೋಟಾರ್ ಹೋಮ್‌ಗಳು 40ರಿಂದ 45 ಅಡಿ ಉದ್ದವಿರುತ್ತವೆ. ಬೆಂಗಳೂರಿನಿಂದ ಮಂಗಳೂರಿಗೆ ಬರುವ ಮಲ್ಟಿ ಆಕ್ಸಲ್ ವೋಲ್ವೋ ಬಸ್ಸನ್ನು ನೋಡಿದವರಿಗೆ ಅದರ ಗಾತ್ರದ ಅಂದಾಜು ಸಿಗಬಹುದು.

ಈ ವಾಹನಗಳ ಹಳೆಯ ಜಾಹೀರಾತುಗಳಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಗಂಡಸು ಸ್ಟಿಯರಿಂಗ್ ಹಿಡಿದಿರುತ್ತಾನೆ, ಹೆಂಗಸು ಒಲೆಯ ಮುಂದೆ ನಗುತ್ತಿರುತ್ತಾಳೆ. ಮನೆಗೆ ಚಕ್ರ ಬಂದರೂ ಅವಳ ಜಾಗ ಬದಲಾಗಿಲ್ಲ. ಇದು ಸ್ವಾಭಾವಿಕ, ಅಷ್ಟು ದೊಡ್ಡ ವಾಹನವನ್ನು ಹೆಂಗಸು ಹೇಗೆ ತಾನೇ ಓಡಿಸಿಯಾಳು ಎಂದು ಕೇಳುವವರಿದ್ದಾರೆ. ಆದರೆ ಇತಿಹಾಸವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನೋಡಿದರೆ ನಮಗೆ ಕಾಣುವುದು ಬೇರೆಯೇ ಚಿತ್ರ. ಚಲಿಸುವ ಮನೆ ಎಂಬುದು ಮೊದಲಿನಿಂದಲೂ ಹೆಣ್ಣಿನ ವಶದಲ್ಲಿದ್ದ ವಸ್ತು. ಅದಕ್ಕೆ ಎಂಜಿನ್ ಬಂದ ಮೇಲಷ್ಟೇ ಅದು ಅವಳ ಕೈ ತಪ್ಪಿತು.

ಬೆದೂಯಿನ್ ಗುಡಾರವನ್ನೇ ತೆಗೆದುಕೊಳ್ಳೋಣ. ಅರಬಿಯಲ್ಲಿ ಅದನ್ನು ‘ಬೈತ್’ ಎಂದೇ, ಅಂದರೆ ಮನೆ ಎಂದೇ ಕರೆಯುತ್ತಾರೆ. ಆಡಿನ ಕೂದಲನ್ನು ನೂತು, ನೆಲದ ಮೇಲೆ ಮಗ್ಗ ಹಾಸಿ ಉದ್ದುದ್ದ ಪಟ್ಟಿಗಳಾಗಿ ನೇಯ್ದು, ಅವುಗಳನ್ನು ಒಂದಕ್ಕೊಂದು ಹೊಲಿದು ಗುಡಾರ ಮಾಡುವವರು ಮಹಿಳೆಯರು. ಹೊಸ ಜಾಗಕ್ಕೆ ಬಂದಾಗ ಗೂಟ ಬಡಿದು ಅದನ್ನು ನಿಲ್ಲಿಸುವವರು ಅವರು. ಹೊರಡುವ ದಿನ ಬಿಚ್ಚಿ, ಮಡಿಸಿ, ಒಂಟೆಯ ಮೇಲೆ ಹೇರುವವರೂ ಅವರೇ. ಹಳೆಯ ಗುಡಾರ ಒಮ್ಮೆಗೇ ಹಾಳಾಗುವುದಿಲ್ಲ, ಸವೆದ ಪಟ್ಟಿಯನ್ನು ತೆಗೆದು ಹೊಸದನ್ನು ಸೇರಿಸುತ್ತಾ ಹೋಗುತ್ತಾರೆ. ಕೂದಲಿನ ಆ ನೇಯ್ಗೆಗೊಂದು ಗುಣವಿದೆ: ಮಳೆ ಬಿದ್ದಾಗ ನೂಲು ಉಬ್ಬಿ ರಂಧ್ರ ಮುಚ್ಚುತ್ತದೆ, ಬಿಸಿಲಿಗೆ ಒಣಗಿದಾಗ ತೆರೆದುಕೊಂಡು ಗಾಳಿಯಾಡುತ್ತದೆ. ಇಂಥ ಮನೆಯ ಎಂಜಿನಿಯರ್ ಯಾರು ಎಂದು ಯಾವ ಬೆದೂಯಿನ್ ಗಂಡಸಿಗೂ ಸಂಶಯವಿರಲಿಲ್ಲ.

ಒಂಟೆ ಸವಾರಿಯೂ ಹಾಗೆಯೇ. ಒಂಟೆಯೇರುವ ಸ್ತ್ರೀಯರಲ್ಲಿ ಕುರೈಶ್ ಗೋತ್ರದ ಸಜ್ಜನ ಮಹಿಳೆಯರು ಉತ್ತಮರು ಎಂದು ಪ್ರವಾದಿ(ಸ) ಪ್ರಶಂಸಿಸಿದ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಲ್ಲಿ ಸವಾರಿ ಒಂದು ಅಪವಾದವಾಗಿ ಬರುವುದಿಲ್ಲ, ದಿನನಿತ್ಯದ ಸಂಗತಿಯಾಗಿ ಬರುತ್ತದೆ. ಅದಕ್ಕಿಂತಲೂ ನಮ್ಮ ಗಮನ ಸೆಳೆಯುವುದು ಅದೀ ಬಿನ್ ಹಾತಿಮ್(ರ) ಅವರಿಗೆ ಸಂಬಂಧಿಸಿದ ಇನ್ನೊಂದು ವರದಿ. ದಾರಿಗಳ್ಳರ ಭಯ ಎಲ್ಲೆಡೆ ತುಂಬಿದ್ದ ಕಾಲದಲ್ಲಿ ಪ್ರವಾದಿ(ಸ) ಅವರಿಗೆ ಒಂದು ಭರವಸೆ ನೀಡಿದರು. ಇರಾಕಿನ ಹೀರಾದಿಂದ ಒಬ್ಬ ಮಹಿಳೆ ಅಂಬಾರಿಯಲ್ಲಿ ಕುಳಿತು ಹೊರಟು, ಅಲ್ಲಾಹನ ಹೊರತು ಇನ್ನಾರನ್ನೂ ಭಯಪಡದೆ ಕಅಬಾಕ್ಕೆ ಬಂದು ತವಾಫ್ ಮಾಡುವ ದಿನ ಬರಲಿದೆ ಎಂದರು. ಆ ದಿನವನ್ನು ತಾನು ಕಣ್ಣಾರೆ ಕಂಡೆನೆಂದು ಅದೀ(ರ) ಮುಂದೆ ಹೇಳಿದ್ದಾರೆ. ಮಹ್ರಮ್ ಇಲ್ಲದ ಪ್ರಯಾಣದ ಕುರಿತು ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯ ಇದ್ದೇ ಇದೆ, ಆ ಚರ್ಚೆಗೆ ನಾವಿಲ್ಲಿ ಇಳಿಯುವುದಿಲ್ಲ. ಒಂದು ನಾಡು ಸುಭದ್ರವಾಗಿದೆ ಎಂಬುದಕ್ಕೆ ಅಲ್ಲಿ ಕೊಟ್ಟ ಅಳತೆಗೋಲು ಯಾವುದು ಎಂಬುದನ್ನಷ್ಟೇ ಗಮನಿಸಬೇಕು.

ಮುಂದೆ ಅದೇ ಕೂಫಾ-ಮಕ್ಕಾ ಹಾದಿಯ ಉದ್ದಕ್ಕೂ ಬಾವಿ, ಕೆರೆ, ತಂಗುದಾಣಗಳನ್ನು ಕಟ್ಟಿಸಿದವರು ಖಲೀಫಾ ಹಾರೂನ್ ಅಲ್ ರಶೀದರ ಪತ್ನಿ ಝುಬೈದಾ. ಇಂದಿಗೂ ಆ ಮಾರ್ಗ ‘ದರ್ಬ್ ಝುಬೈದಾ’ ಎಂದೇ ಪ್ರಸಿದ್ಧ. ನಮ್ಮ ದೇಶದಲ್ಲಿ ಬಾಬರನ ಮಗಳು ಗುಲ್ಬದನ್ ಬೇಗಂ 1575ರಲ್ಲಿ ಫತೇಪುರ್ ಸಿಕ್ರಿಯಿಂದ ರಾಜಮನೆತನದ ಮಹಿಳೆಯರ ತಂಡದ ಮುಂದಾಳಾಗಿ ಹಜ್ಜ್‌ಗೆ ಹೊರಟರು. ಅವರು ಮರಳಿದ್ದು 1582ರಲ್ಲಿ. ನಡುವೆ ಏಡನ್ ಬಳಿ ಹಡಗು ಒಡೆದು ತಿಂಗಳುಗಟ್ಟಲೆ ಅಲ್ಲೇ ಸಿಕ್ಕಿಕೊಂಡಿದ್ದರು. ಏಳು ವರ್ಷ ಮನೆಯನ್ನು ಜೊತೆಗೆ ಹೊತ್ತು ಸಾಗಿದ ಆ ಮಹಿಳೆಯರನ್ನು ಪರದೆಯ ಹಿಂದಿನ ಅಬಲೆಯರೆಂದು ಇತಿಹಾಸ ಪುಸ್ತಕಗಳು ಎಷ್ಟು ಸುಲಭವಾಗಿ ಹೇಳಿಬಿಡುತ್ತವೆ!

ಇನ್ನು ಎಂಜಿನ್ ಬಂದ ಕತೆ. ಇಲ್ಲೊಂದು ತಮಾಷೆಯಿದೆ. ಮೋಟಾರು ವಾಹನದಲ್ಲಿ ಜಗತ್ತಿನ ಮೊದಲ ದೂರ ಪ್ರಯಾಣ ಮಾಡಿದ್ದು ಗಂಡಸಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬೆರ್ತಾ ಬೆಂಝ್, ಗಂಡ ಕಾರ್ಲ್ ಬೆಂಝ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅವನ ಮೂರು ಚಕ್ರದ ಗಾಡಿಯನ್ನು ಮಾನ್‌ಹೈಮ್‌ನಿಂದ ಪೋರ್ಟ್ಸ್‌ಹೈಮ್‌ವರೆಗೆ ಸುಮಾರು 100 ಕಿ.ಮೀ. ಓಡಿಸಿದರು. ದಾರಿಯಲ್ಲಿ ಇಂಧನದ ನಳಿಗೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ತೆರವುಗೊಳಿಸಿದರು. ಇಂಧನ ಮುಗಿದಾಗ ಔಷಧಿ ಅಂಗಡಿಯಿಂದ ಕೊಂಡರು. ಬ್ರೇಕಿನ ಮರದ ತುಂಡು ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದರು. ಮಾರಾಟವಾಗದೆ ಬಿದ್ದಿದ್ದ ಆ ಯಂತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ ಎಂದು ಜನ ನಂಬಿದ್ದು ಆ ಮೇಲೆ.

1909ರಲ್ಲಿ ಅಮೆರಿಕದ 22 ವರ್ಷದ ಆಲಿಸ್ ರಾಮ್ಸೆ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 59 ದಿನಗಳಲ್ಲಿ ಕಾರು ಓಡಿಸಿದರು. ದೂರ ಸುಮಾರು 3,800 ಮೈಲಿ. ಅದರಲ್ಲಿ ಸರಿಯಾದ ರಸ್ತೆ ಇದ್ದದ್ದು 152 ಮೈಲಿ ಮಾತ್ರ. ಜೊತೆಗಿದ್ದ ಮೂವರೂ ಮಹಿಳೆಯರು, ಮೂವರಿಗೂ ಡ್ರೈವಿಂಗ್ ಬರುತ್ತಿರಲಿಲ್ಲ. ಟೈರು ಬದಲಿಸುವುದರಿಂದ ಹಿಡಿದು ಎಲ್ಲವೂ ಆಲಿಸ್ ಅವರದ್ದೇ. ಇಂಗ್ಲೆಂಡಿನಲ್ಲಿ ಅದಕ್ಕೂ ಒಂದು ವರ್ಷ ಮೊದಲು, 1908ರಲ್ಲಿ, ಮಹಿಳೆಯರಿಗೆ ಮತದಾನದ ಹಕ್ಕು ಕೇಳುತ್ತಿದ್ದ ಮ್ಯೂರಿಯಲ್ ಮ್ಯಾಟರ್ಸ್ ಕುದುರೆ ಎಳೆಯುವ ಒಂದು ಮನೆಬಂಡಿಯಲ್ಲಿ ಹಳ್ಳಿಹಳ್ಳಿ ತಿರುಗಿ ಭಾಷಣ ಮಾಡಿದ್ದರು. ಆ ಬಂಡಿಗೆ ಇಂಗ್ಲಿಷರು ಬಳಸುವ ‘ಕ್ಯಾರವಾನ್’ ಎಂಬ ಪದ ಪಾರ್ಸಿಯ ‘ಕಾರ್ವಾನ್’ನಿಂದ ಬಂದದ್ದು. ನಮ್ಮ ಸಿನಿಮಾದವರು ತಾರೆಯರ ವಿಶ್ರಾಂತಿ ಬಸ್ಸಿಗೆ ಹೇಳುವುದೂ ಅದನ್ನೇ.

ಇಷ್ಟೆಲ್ಲ ಆದ ಮೇಲೂ ಕೀಲಿಕೈ ಗಂಡಸಿನ ಜೇಬಿನಲ್ಲೇ ಉಳಿಯಿತು. ಹೆಂಗಸಿಗೆ ಸಣ್ಣ ಕಾರು, ಗಂಡಸಿಗೆ ದೊಡ್ಡ ಗಾಡಿ ಎಂಬ ಹಂಚಿಕೆ ಬಹುಬೇಗ ಊರ್ಜಿತವಾಯಿತು. ಕಾರಣ ಕೇಳಿದರೆ ತೋಳ್ಬಲ ಎನ್ನುತ್ತಿದ್ದರು. ಆರಂಭದಲ್ಲಿ ಅದರಲ್ಲಿ ಸ್ವಲ್ಪ ಸತ್ಯವೂ ಇತ್ತೆನ್ನಬೇಕು. ಎಂಜಿನನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕಿತ್ತು, ಭಾರದ ಲಾರಿಯ ಸ್ಟಿಯರಿಂಗ್ ಎಳೆಯಲು ಗಟ್ಟಿ ತೋಳು ಬೇಕಿತ್ತು. ಆದರೆ 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂತು. 1940ರ ಹೊತ್ತಿಗೆ ಗಿಯರ್ ತಾನಾಗಿ ಬದಲಾಗುವ ಕಾರುಗಳು ಮಾರುಕಟ್ಟೆಗಿಳಿದವು. 1951ರಲ್ಲಿ ಕ್ರೈಸ್ಲರ್ ಕಂಪೆನಿ ಪವರ್ ಸ್ಟಿಯರಿಂಗ್ ಕೊಟ್ಟಿತು. ತೋಳ್ಬಲದ ಅಗತ್ಯ ಹೀಗೆ ಒಂದೊಂದಾಗಿ ಮಾಯವಾದರೂ ತೋಳ್ಬಲದ ವಾದ ಮಾತ್ರ ಮಾಯವಾಗಲಿಲ್ಲ. ಅಂದ ಮೇಲೆ ಅದು ಕಾರಣವಾಗಿರಲಿಲ್ಲ, ನೆಪವಾಗಿತ್ತು.

ಅಗತ್ಯ ಬಿದ್ದಾಗ ಈ ನೆಪವನ್ನು ಕೈಬಿಡಲು ಗಂಡಸರೇನೂ ಹಿಂಜರಿದವರಲ್ಲ. ಎರಡೂ ಮಹಾಯುದ್ಧಗಳಲ್ಲಿ ಬ್ರಿಟನ್ ತನ್ನ ಮಹಿಳೆಯರ ಕೈಗೆ ಆಂಬುಲೆನ್ಸ್, ಲಾರಿಗಳನ್ನು ಕೊಟ್ಟಿತು. 1945ರಲ್ಲಿ ಸೇನೆಯ ಮಹಿಳಾ ವಿಭಾಗಕ್ಕೆ ಸೇರಿ ವಾಹನ ಚಾಲನೆ ಮತ್ತು ರಿಪೇರಿ ಕಲಿತವರಲ್ಲಿ ಮುಂದೆ ರಾಣಿಯಾದ ಎಲಿಝಬೆತ್ ಕೂಡ ಒಬ್ಬರು. ಯುದ್ಧ ಮುಗಿದು ಗಂಡಸರು ಮರಳಿದ್ದೇ ಕೀಲಿಕೈಗಳೂ ಮರಳಿದವು. ಟೆಕ್ಸಾಸ್‌ನ ಲಿಲ್ಲಿ ಡ್ರೆನನ್ ಎಂಬಾಕೆ ಯುದ್ಧಕ್ಕಾಗಿ ಕಾಯದೆ 1929ರಲ್ಲೇ ಲಾರಿಯ ವಾಣಿಜ್ಯ ಲೈಸೆನ್ಸ್ ಪಡೆದಿದ್ದರು. ಕಿವಿ ಸರಿಯಾಗಿ ಕೇಳದು ಎಂಬ ಆಕ್ಷೇಪವನ್ನೂ ಎದುರಿಸಿ ಗೆದ್ದರು. ಎರಡು ದಶಕಗಳಿಗೂ ಮೀರಿ ತನ್ನದೇ ಲಾರಿ ಕಂಪೆನಿ ನಡೆಸಿದ ಅವರ ಹೆಸರಿನಲ್ಲಿ ಅಪಘಾತವಿಲ್ಲ.

ಮೋಟಾರ್ ಹೋಮ್ ಈ ಹಿನ್ನೆಲೆಯಲ್ಲೇ ಬೆಳೆಯಿತು. 1915ರಲ್ಲಿ ರೋಲಂಡ್ ಕಾಂಕ್ಲಿನ್ ಎಂಬ ಶ್ರೀಮಂತ 25 ಅಡಿ ಉದ್ದದ, ಎಂಟು ಟನ್ ತೂಕದ ಬಸ್ ಮನೆಯಲ್ಲಿ ಕುಟುಂಬ ಸಮೇತ ಅಮೆರಿಕ ದಾಟಿದ್ದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಶ್ರೀಮಂತರ ಈ ಆಟಿಕೆ ಮಧ್ಯಮ ವರ್ಗಕ್ಕೆ ಇಳಿದದ್ದು ಅಯೋವಾ ರಾಜ್ಯದ ವಿನ್ನಿಬೇಗೋ ಕಂಪೆನಿ 1966ರಲ್ಲಿ ಕಾರ್ಖಾನೆಯ ಸಾಲಿನಲ್ಲಿ ಮೋಟಾರ್ ಹೋಮ್ ತಯಾರಿಸತೊಡಗಿದ ಮೇಲೆ. ನಿವೃತ್ತರಾದ ದಂಪತಿಗಳು ಊರ ಮನೆ ಮಾರಿ ಇಂಥ ವಾಹನ ಕೊಂಡು ಊರೂರು ಸುತ್ತುವುದು ಅಲ್ಲಿ ಸಾಮಾನ್ಯವಾಯಿತು. ಗಂಡ ಓಡಿಸುವುದು, ಹೆಂಡತಿ ನಕ್ಷೆ ನೋಡುವುದು. ಹಿಂದಕ್ಕೆ ತೆಗೆಯುವಾಗ ಇಳಿದು ಕೈಸನ್ನೆ ಮಾಡುವ ಕೆಲಸವೂ ಅವಳದ್ದೇ.

ಅಪಾಯ ಇದ್ದದ್ದು ಇಲ್ಲಿಯೇ. ಮನೆಯಿಂದ ಸಾವಿರ ಮೈಲಿ ದೂರದಲ್ಲಿ, ಯಾವುದೋ ಬೆಟ್ಟದ ತಪ್ಪಲಲ್ಲಿ, ಅರವತ್ತೈದು ದಾಟಿದ ಗಂಡನ ಎದೆ ಹಿಡಿದುಕೊಂಡರೆ? ಹೆಂಡತಿ ಕುಳಿತಿರುವುದು ತನ್ನದೇ ಮನೆಯಲ್ಲಿ, ಆದರೆ ಆ ಮನೆಯನ್ನು ಆಸ್ಪತ್ರೆಯ ಬಾಗಿಲಿಗೆ ಒಯ್ಯಲು ಅವಳಿಗೆ ತಿಳಿಯದು. ವಿಧವೆಯಾದವಳು ಬದುಕೆಲ್ಲ ಕೂಡಿಟ್ಟು ಕೊಂಡ ವಾಹನವನ್ನು ಬಂದ ಬೆಲೆಗೆ ಮಾರಬೇಕಾಗುತ್ತದೆ. ಅಲ್ಲಿನ ಮಹಿಳೆಯರು ದೊಡ್ಡ ವಾಹನ ಕಲಿಯಲು ಮುಂದಾದದ್ದರ ಹಿಂದೆ ಮೋಜಿಗಿಂತ ಹೆಚ್ಚಾಗಿ ಈ ಭಯವಿತ್ತು. 1991ರಲ್ಲಿ ‘ಆರ್‌ವಿಯಿಂಗ್ ವಿಮೆನ್’ ಎಂಬ ಮಹಿಳೆಯರದೇ ಸಂಘಟನೆ ಹುಟ್ಟಿಕೊಂಡಿತು. ಮೋಟಾರ್ ಹೋಮ್ ಓಡಿಸಲು ಕಲಿಸುವ ತರಗತಿಗಳೂ ಅಲ್ಲಲ್ಲಿ ಆರಂಭವಾದವು.

ಕಲಿಯುವುದೇನು? ವಾಸ್ತವದಲ್ಲಿ ಅದರಲ್ಲಿ ತೋಳಿನ ಕೆಲಸ ತೀರಾ ಕಡಿಮೆ, ಕಣ್ಣಿನ ಕೆಲಸವೇ ಎಲ್ಲ. ಚಪ್ಪಟೆ ಮೂತಿಯ ದೊಡ್ಡ ಮೋಟಾರ್ ಹೋಮ್‌ನಲ್ಲಿ ಚಾಲಕಿಯ ಆಸನ ಮುಂದಿನ ಚಕ್ರಗಳಿಗಿಂತಲೂ ಮುಂದಿರುತ್ತದೆ. ಕಾರಿನಲ್ಲಿ ತಿರುಗಿಸುವ ಜಾಗದಲ್ಲೇ ಇದನ್ನು ತಿರುಗಿಸಿದರೆ ಹಿಂದಿನ ಚಕ್ರ ಕಟ್ಟೆಯನ್ನು ಹತ್ತುತ್ತದೆ. ಆದ್ದರಿಂದ ತನ್ನ ದೇಹವೇ ಕೂಡುರಸ್ತೆಯ ಒಳಕ್ಕೆ ತೂಗುತ್ತಿದೆ ಎನಿಸುವಷ್ಟು ಮುಂದೆ ಹೋಗಿ ಆ ಮೇಲೆ ತಿರುಗಿಸಬೇಕು. ಮೊದಲ ದಿನ ಎದೆ ಝಲ್ಲೆನ್ನುವುದು ಇಲ್ಲಿ. ಎರಡನೆಯದು ಬಾಲದ ಬೀಸು. ಹಿಂದಿನ ಚಕ್ರದಿಂದಾಚೆಗೆ ಹತ್ತು ಅಡಿಯಷ್ಟು ಗಾಡಿ ಚಾಚಿಕೊಂಡಿದ್ದರೆ, ಮೂತಿ ಎಡಕ್ಕೆ ತಿರುಗುವಾಗ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಗಳಿಗೆ ತಾಗುವುದು ಮೂತಿಯಲ್ಲ, ಈ ಬಾಲ. ಇನ್ನು ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಕೈಕೊಡುತ್ತದೆ. ಗಿಯರ್ ತಗ್ಗಿಸಿ, ಎಂಜಿನ್ನಿನ ಹಿಡಿತದಲ್ಲೇ ಇಳಿಯಬೇಕು. ತನ್ನ ಗಾಡಿಯ ಎತ್ತರ ಎಷ್ಟು ಎಂಬುದನ್ನು ಸ್ಟಿಯರಿಂಗ್ ಎದುರಿಗೇ ಬರೆದು ಅಂಟಿಸಿಕೊಳ್ಳಬೇಕು, ಸೇತುವೆಯ ಕೆಳಗೆ ನುಗ್ಗಿ ಮಾಡು ಕಳೆದುಕೊಂಡವರು ಅಲ್ಲಿ ಕಡಿಮೆಯೇನಲ್ಲ!

ಇದನ್ನೆಲ್ಲ ಕಲಿಸುವುದು ಖಾಲಿ ಬಯಲಿನಲ್ಲಿ, ಪ್ಲಾಸ್ಟಿಕ್ ಶಂಕುಗಳನ್ನು ಸಾಲಾಗಿ ಇಟ್ಟು. ಶಂಕು ಬಿದ್ದರೆ ಎತ್ತಿಟ್ಟು ಇನ್ನೊಮ್ಮೆ. ಕನ್ನಡಿಯಲ್ಲಿ ಹಿಂದಿನ ಚಕ್ರ ಎಲ್ಲಿ ಉರುಳುತ್ತಿದೆ ಎಂದು ಕಾಣಲು ಕಲಿತ ಕ್ಷಣದಿಂದ ಹೆದರಿಕೆಯ ಮುಕ್ಕಾಲು ಪಾಲು ಇಳಿಯುತ್ತದೆ. ಕಲಿಸುವವರು ಸಾಮಾನ್ಯವಾಗಿ ಹಾಕುವ ಒಂದು ನಿಯಮ ನಮಗೆ ಬಹಳ ಹಿಡಿಸಿತು: ಮೊದಲ ಪಾಠಗಳಲ್ಲಿ ಗಂಡ ಪಕ್ಕದಲ್ಲಿ ಕೂರಬಾರದು. ಕಾರಣ ವಿವರಿಸಬೇಕಾಗಿಲ್ಲ, ನಮ್ಮೂರಲ್ಲಿ ಗಂಡನಿಂದ ಸ್ಕೂಟರ್ ಕಲಿತ ಯಾವ ಹೆಂಗಸನ್ನು ಕೇಳಿದರೂ ಹೇಳಿಯಾಳು. ಕಾನೂನಿನ ತೊಡಕೂ ಅಲ್ಲಿ ಹೆಚ್ಚಿಲ್ಲ. 26,000 ಪೌಂಡ್ ಒಳಗಿನ ಮೋಟಾರ್ ಹೋಮ್ ಓಡಿಸಲು ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ತಡೆದಿದ್ದದ್ದು ಕಾನೂನಲ್ಲ, ನಿನ್ನಿಂದಾಗದು ಎಂಬ ಮಾತು.

ಕಾನೂನೇ ತಡೆದ ನಾಡೊಂದಿತ್ತು. ಈಗ ನಾವು ಮತ್ತೆ ಬೆದೂಯಿನ್ ಗುಡಾರದ ಬಳಿಗೆ ಬರಬೇಕು. ತೈಲದ ಹಣ ಹರಿದು ಬಂದ ಮೇಲೆ ಸೌದಿ ಅರೇಬಿಯದ ಮರುಭೂಮಿಯಲ್ಲಿ ಒಂಟೆಯ ಸ್ಥಾನಕ್ಕೆ ಪಿಕಪ್ ಮತ್ತು ಲಾರಿಗಳು ಬಂದವು. ಗುಡಾರ, ಪಾತ್ರೆ, ಕುರಿಗಳು, ನೀರು ಎಲ್ಲವೂ ಲಾರಿಯೇರಿದವು. ಅಂದರೆ ಮರುಭೂಮಿಗೂ ತನ್ನದೇ ಬಗೆಯ ಮೋಟಾರ್ ಹೋಮ್ ಬಂತು. ನಗರಗಳಲ್ಲಿ ಮಹಿಳೆಯರಿಗೆ ಲೈಸೆನ್ಸ್ ಇಲ್ಲದಿದ್ದ ಆ ಕಾಲದಲ್ಲೂ ದೂರದ ಮರುಭೂಮಿಯಲ್ಲಿ ಬೆದೂಯಿನ್ ಮಹಿಳೆಯರು ಪಿಕಪ್ ಓಡಿಸುತ್ತಿದ್ದರು, ನೀರು ತರುತ್ತಿದ್ದರು, ಮಂದೆಯ ಹಿಂದೆ ಹೋಗುತ್ತಿದ್ದರು. ಅದನ್ನು ಯಾರೂ ಧರ್ಮವಿರೋಧಿ ಎನ್ನಲಿಲ್ಲ. ಗುಡಾರದ ಹೆಂಗಸಿಗೆ ಸಹಜವಾದದ್ದು ರಿಯಾದ್‌ನ ಪ್ರಾಧ್ಯಾಪಕಿಗೆ ಹೇಗೆ ನಿಷಿದ್ಧವಾಯಿತು ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ನಮಗೆಲ್ಲೂ ಸಿಗಲಿಲ್ಲ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದಾಗ ಕುವೈತಿ ಮಹಿಳೆಯರು ತಾವೇ ಕಾರು ಓಡಿಸಿಕೊಂಡು ಗಡಿ ದಾಟಿ ಸೌದಿಗೆ ಬಂದರು. ಬೆನ್ನಿಗೇ ಬಂದ ಅಮೆರಿಕನ್ ಸೇನೆಯಲ್ಲಿ ಮಹಿಳೆಯರು ಮಿಲಿಟರಿ ಲಾರಿ ಓಡಿಸುತ್ತಿದ್ದರು. ಇದನ್ನೆಲ್ಲ ನೋಡಿದ ರಿಯಾದ್‌ನ 47 ಮಹಿಳೆಯರು ಅದೇ ವರ್ಷ ನವೆಂಬರ್ 6ರಂದು ತಮ್ಮ ಚಾಲಕರನ್ನು ಕೆಳಗಿಳಿಸಿ ಕಾರುಗಳ ಸಾಲೊಂದನ್ನು ನಗರದಲ್ಲಿ ಓಡಿಸಿದರು. ಓಡಿಸಿದವರ ಬಳಿ ವಿದೇಶಗಳಲ್ಲಿ ಪಡೆದ ಲೈಸೆನ್ಸ್ ಇತ್ತು. ಪರಿಣಾಮ? ಪಾಸ್‌ಪೋರ್ಟ್ ಮುಟ್ಟುಗೋಲು, ಕೆಲಸದಿಂದ ಅಮಾನತು, ಮಸೀದಿಯ ಮಿಂಬರುಗಳಿಂದ ನಿಂದನೆ. ಅದುವರೆಗೆ ರೂಢಿಯಾಗಿದ್ದ ನಿಷೇಧ ಅಂದಿನಿಂದ ಫತ್ವಾ ಮತ್ತು ಸರಕಾರಿ ಆದೇಶವಾಯಿತು. 2011ರಲ್ಲಿ ಮನಾಲ್ ಅಲ್ ಶರೀಫ್ ಕಾರು ಓಡಿಸಿದ ವಿಡಿಯೋ ಹಾಕಿ ಜೈಲು ಸೇರಿದರು. 2013ರಲ್ಲಿ ಅಲ್ಲಿನ ಒಬ್ಬ ಧರ್ಮವಿದ್ವಾಂಸರು ಕಾರು ಓಡಿಸುವುದರಿಂದ ಹೆಣ್ಣಿನ ಅಂಡಾಶಯಕ್ಕೆ ಹಾನಿ ಎಂದುಬಿಟ್ಟರು. ಒಂಟೆಯ ಬೆನ್ನಿಗಿಂತ ಕಾರಿನ ಸೀಟು ಹೆಚ್ಚು ಕುಲುಕುತ್ತದೆಯೆ ಎಂದು ಕೇಳಬೇಕೆನಿಸಿದವರು ನಾವು ಮಾತ್ರವೇ ಆಗಿರಲಾರೆವು.

ಇನ್ನೊಂದು ವಿಪರ್ಯಾಸ ನೋಡಿ. ಪರಪುರುಷನೊಂದಿಗಿನ ಏಕಾಂತವನ್ನು ತಪ್ಪಿಸಬೇಕೆನ್ನುವುದು ಇಸ್ಲಾಮಿನ ಸ್ಪಷ್ಟ ಬೋಧನೆ. ಡ್ರೈವಿಂಗ್ ನಿಷೇಧವು ಮಾಡಿದ್ದೇನು? ಪ್ರತಿದಿನ ಲಕ್ಷಾಂತರ ಮಹಿಳೆಯರನ್ನು ಮುಚ್ಚಿದ ಕಾರಿನೊಳಗೆ ಪರಿಚಯವಿಲ್ಲದ ಚಾಲಕನೊಂದಿಗೆ ಕೂರಿಸಿತು. ಶೀಲದ ಹೆಸರಿನಲ್ಲಿ ಶೀಲದ ನಿಯಮವನ್ನೇ ಮುರಿದ ಉದಾಹರಣೆ ಇದು. ಜಗತ್ತಿನ ಇತರ ಮುಸ್ಲಿಮ್ ದೇಶಗಳಲ್ಲಿ, ಪಕ್ಕದ ಕುವೈತ್, ಬಹ್ರೈನ್‌ಗಳಲ್ಲಿಯೂ, ಮಹಿಳೆಯರು ದಶಕಗಳಿಂದ ವಾಹನ ಓಡಿಸುತ್ತಿದ್ದರು ಎಂಬುದನ್ನು ಮರೆತು ಇದನ್ನು ಇಸ್ಲಾಮಿನ ತಲೆಗೆ ಕಟ್ಟಿದವರು ನಮ್ಮ ದೇಶದಲ್ಲೂ ಇದ್ದರು. ಅವರಿಗೆ ಅನುಕೂಲ ಮಾಡಿಕೊಟ್ಟವರು ರೂಢಿಯನ್ನೇ ಧರ್ಮವೆಂದು ಬಗೆದ ನಮ್ಮವರು.

1998ರಲ್ಲಿ ಸೌದಿಯ ಯುವರಾಜ ಅಬ್ದುಲ್ಲಾ ಸ್ಕಾಟ್ಲೆಂಡಿನ ಬಾಲ್‌ಮೋರಲ್ ಅರಮನೆಗೆ ಹೋದಾಗಿನ ಪ್ರಸಂಗವೊಂದನ್ನು ಬ್ರಿಟಿಷ್ ರಾಯಭಾರಿಯಾಗಿದ್ದವರು ಬರೆದಿದ್ದಾರೆ. ಎಸ್ಟೇಟ್ ನೋಡಲು ಲ್ಯಾಂಡ್ ರೋವರ್ ಹತ್ತಿದ ಯುವರಾಜರಿಗೆ ಚಾಲಕಿಯ ಸೀಟಿಗೆ ರಾಣಿ ಎಲಿಝಬೆತ್ ಅವರೇ ಹತ್ತಿದ್ದು ಕಂಡು ಗಾಬರಿಯಾಯಿತಂತೆ. ಕಿರಿದಾದ ಹಾದಿಯಲ್ಲಿ ರಾಣಿ ಮಾತಾಡುತ್ತಲೇ ವೇಗ ಹೆಚ್ಚಿಸಿದಾಗ, ದಯವಿಟ್ಟು ರಸ್ತೆ ನೋಡಿ ಎಂದು ದುಭಾಷಿಯ ಮೂಲಕ ಬೇಡಿಕೊಂಡರಂತೆ. ಯುದ್ಧಕಾಲದಲ್ಲಿ ಕಲಿತ ವಿದ್ಯೆ!

ಕೊನೆಗೆ 2017ರ ಸೆಪ್ಟೆಂಬರ್ 26ರಂದು ರಾಜಾಜ್ಞೆ ಹೊರಟು 2018ರ ಜೂನ್ 24ರಂದು ನಿಷೇಧ ತೆರವಾಯಿತು. ಲಾರಿ, ಮೋಟಾರ್ ಸೈಕಲ್‌ಗಳನ್ನೂ ಓಡಿಸಬಹುದೆಂದು ಸಂಚಾರ ಇಲಾಖೆ ಸ್ಪಷ್ಟಪಡಿಸಿತು. ಅದಕ್ಕೆ ಕೆಲವೇ ವಾರಗಳ ಮೊದಲು, ಇದೇ ಹಕ್ಕಿಗಾಗಿ ಹೋರಾಡಿದ ಮಹಿಳೆಯರನ್ನು ಬಂಧಿಸಲಾಗಿತ್ತು ಎಂಬುದನ್ನೂ ದಾಖಲಿಸಬೇಕು. ಅವರಲ್ಲೊಬ್ಬರಾದ ಲುಜೈನ್ ಅಲ್ ಹತ್‌ಲೂಲ್ ಹೊರಬಂದದ್ದು 2021ರ ಫೆಬ್ರವರಿಯಲ್ಲಿ. 2022ರ ಆರಂಭದಲ್ಲಿ ಮಕ್ಕಾ-ಮದೀನಾ ನಡುವಿನ ಹರಮೈನ್ ವೇಗದ ರೈಲಿಗೆ 30 ಮಹಿಳಾ ಚಾಲಕರು ಬೇಕೆಂದು ಕರೆದಾಗ 28,000 ಅರ್ಜಿಗಳು ಬಂದವು. 2023ರ ಆರಂಭದಲ್ಲಿ ಮೊದಲ ತಂಡ ತರಬೇತಿ ಮುಗಿಸಿತು. ಹಾಜಿಗಳನ್ನು ಹೊತ್ತು ಗಂಟೆಗೆ 300 ಕಿ.ಮೀ. ವೇಗದಲ್ಲಿ ಓಡುವ ರೈಲು ಅದು.

ದೊಡ್ಡ ವಾಹನ ಕಲಿತದ್ದೆಲ್ಲ ಬಿಡುಗಡೆ ಎಂದು ನಾವು ಹೇಳುತ್ತಿಲ್ಲ. 2008ರ ಆರ್ಥಿಕ ಕುಸಿತದ ನಂತರ ಅಮೆರಿಕದಲ್ಲಿ ಮನೆ ಉಳಿಸಿಕೊಳ್ಳಲಾಗದ ಅನೇಕ ವಯಸ್ಸಾದ ಮಹಿಳೆಯರು ಹಳೆಯ ವ್ಯಾನು, ಮೋಟಾರ್ ಹೋಮ್‌ಗಳಲ್ಲಿ ವಾಸಿಸತೊಡಗಿದರು. ಬೀಟ್ ಕೊಯ್ಲು, ಗೋದಾಮು, ಕ್ಯಾಂಪಿನ ಶೌಚಾಲಯ ತೊಳೆಯುವುದು, ಹೀಗೆ ಋತುವಿಗೊಂದು ಕೂಲಿ ಹುಡುಕಿ ಅಲೆದರು. ಜೆಸ್ಸಿಕಾ ಬ್ರೂಡರ್ 2017ರಲ್ಲಿ ಅವರ ಬಗ್ಗೆ ಬರೆದ ‘ನೊಮ್ಯಾಡ್‌ಲ್ಯಾಂಡ್’ ಪುಸ್ತಕ ಆ ಮೇಲೆ ಆಸ್ಕರ್ ಗೆದ್ದ ಚಲನಚಿತ್ರವೂ ಆಯಿತು. ನಮ್ಮ ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಕಡಿಯಲು ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಸಂಸಾರವನ್ನೇ ಹೇರಿಕೊಂಡು ಬರುವ ಕುಟುಂಬಗಳನ್ನು ಕಂಡವರಿಗೆ ಇದೇನೂ ಹೊಸ ದೃಶ್ಯವಲ್ಲ. ವ್ಯತ್ಯಾಸ ಒಂದೇ. ಅಲ್ಲಿ ಆ ಅಜ್ಜಿಯ ಕೈಯಲ್ಲಿ ಸ್ಟಿಯರಿಂಗ್ ಇದೆ, ಬೇಡವಾದ ಜಾಗದಿಂದ ರಾತ್ರೋರಾತ್ರಿ ಹೊರಟುಹೋಗಬಲ್ಲಳು. ಇಲ್ಲಿ ಮಗುವನ್ನು ಕಟ್ಟಿಕೊಂಡು ಟ್ರೇಲರಿನಲ್ಲಿ ಕುಳಿತವಳು ಮುಕಾದಮನ ಮಾತಿಗೆ ಕಾಯಬೇಕು.

ಪಾಕಿಸ್ತಾನದ ಥಾರ್ ಮರುಭೂಮಿಯ ಉದಾಹರಣೆ ಇದಕ್ಕಿಂತ ಆಶಾದಾಯಕ. ಅಲ್ಲಿನ ಕಲ್ಲಿದ್ದಲು ಗಣಿಯಲ್ಲಿ 2017ರಲ್ಲಿ ಸುಮಾರು 30 ಸ್ಥಳೀಯ ಮಹಿಳೆಯರಿಗೆ 60 ಟನ್ ಡಂಪರ್ ಲಾರಿ ಓಡಿಸಲು ಕಲಿಸಲಾಯಿತು. ಬಹುತೇಕ ಹಿಂದೂ ಸಮುದಾಯದ ಬಡ ಹೆಣ್ಣುಮಕ್ಕಳು, ಅನೇಕರು ತಾಯಂದಿರು. ಅದೇ ದೇಶದ ರಾವಲ್ಪಿಂಡಿಯ ಶಮೀಮ್ ಅಖ್ತರ್ ಐವತ್ತು ದಾಟಿದ ಮೇಲೆ ಮನೆ ನಡೆಸಲು ಲಾರಿ ಹಿಡಿದವರು. ನಮ್ಮ ನೆರೆಯ ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ವಸಂತಕುಮಾರಿ 1993ರಲ್ಲೇ ಸರಕಾರಿ ಬಸ್ಸಿನ ಚಾಲಕಿಯಾಗಿ, 2017ರಲ್ಲಿ ನಿವೃತ್ತರಾದರು.

ಇನ್ನು ನಮ್ಮ ಕರಾವಳಿ. ಇಲ್ಲಿನ ಎಷ್ಟೋ ಯುವಕರು ‘ಹೌಸ್ ಡ್ರೈವರ್’ ವೀಸಾದಲ್ಲಿ ಸೌದಿಗೆ ಹೋದವರು. ಅಲ್ಲಿನ ಮನೆಯೊಡತಿಯನ್ನು ಮಾರುಕಟ್ಟೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ದು ಗಳಿಸಿದ ಹಣದಿಂದ ಊರಲ್ಲಿ ಮನೆ ಎದ್ದಿತು, ಅಂಗಳದಲ್ಲಿ ಕಾರು ನಿಂತಿತು. ರಜೆಯ ಒಂದೆರಡು ತಿಂಗಳು ಬಿಟ್ಟರೆ ಅದಕ್ಕೆ ಹೊದಿಕೆ. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಅವನ ಹೆಂಡತಿ ಆ ಕಾರಿನ ಪಕ್ಕದಲ್ಲೇ ನಿಂತು ರಿಕ್ಷಾದವನಿಗೆ ಫೋನ್ ಮಾಡಬೇಕು. ಸೌದಿಯ ಹೆಂಗಸಿಗೆ ಡ್ರೈವಿಂಗ್ ನಿಷೇಧಿಸಿದ ರೂಢಿಯಿಂದ ಅನ್ನ ಹುಟ್ಟಿತು, ಅದೇ ರೂಢಿ ಸದ್ದಿಲ್ಲದೆ ನಮ್ಮ ಅಂಗಳಕ್ಕೂ ಬಂದು ಕೂತಿತು. ಈಗ ಪರಿಸ್ಥಿತಿ ಬದಲಾಗುತ್ತಿದೆ ನಿಜ. ಬುರ್ಖಾ ಧರಿಸಿ ಕಾರು ಓಡಿಸುವ ತಾಯಂದಿರು ಶಾಲೆಗಳ ಮುಂದೆ ಕಾಣುತ್ತಾರೆ. ಆದರೆ ಕುಟುಂಬ ಸಮೇತ ದೂರ ಹೊರಟಾಗ, ಗಾಡಿ ದೊಡ್ಡದಾದಾಗ, ಅವರೇ ಹಿಂದಿನ ಸೀಟಿಗೆ ಸರಿಯುವುದನ್ನೂ ನಾವು ಕಾಣುತ್ತಿದ್ದೇವೆ.

ಮೋಟಾರ್ ಹೋಮ್ ನಮ್ಮಲ್ಲಿ ಇನ್ನೂ ವಿರಳ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2010ರಲ್ಲಿ ಕ್ಯಾರವಾನ್ ನೀತಿ ಪ್ರಕಟಿಸಿತು, ಕೇರಳ 2021ರಲ್ಲಿ ‘ಕ್ಯಾರವಾನ್ ಕೇರಳ’ ಎಂದು ತನ್ನದೇ ಯೋಜನೆ ತಂದಿತು. ಬಾಡಿಗೆಗೆ ಸಿಗುವ ಇಂಥ ವಾಹನಗಳು ಸಾಮಾನ್ಯವಾಗಿ ಚಾಲಕನ ಸಮೇತವೇ ಬರುತ್ತವೆ. ಆದರೆ ನಮ್ಮ ಕಾನೂನಿನ ಲಘು ವಾಹನದ ಲೈಸೆನ್ಸ್ ಒಟ್ಟು 7,500 ಕೆ.ಜಿ. ತೂಕದವರೆಗಿನ ವಾಹನಕ್ಕೆ ಅನ್ವಯಿಸುತ್ತದೆ. ಆ ಲೈಸೆನ್ಸ್ ಇದ್ದವರು ಅದೇ ತೂಕದ ಮಿತಿಯೊಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ವ್ಯಾನಿನ ಮೇಲೆ ಕಟ್ಟಿದ, ನಾಲ್ಕು ಜನ ಮಲಗಬಹುದಾದ ಒಂದು ಸಣ್ಣ ಮನೆಗಾಡಿ ಈ ತೂಕದೊಳಗೆ ಧಾರಾಳವಾಗಿ ಬರುತ್ತದೆ. ಸ್ವಿಫ್ಟ್ ಓಡಿಸಲು ಪಡೆದ ಲೈಸೆನ್ಸೇ ಅದಕ್ಕೂ ಸಾಕು. ಶಂಕುಗಳನ್ನು ಇಡಲು ಬಯಲಿಗೆ ಹುಡುಕಾಡಬೇಕಾಗಿಲ್ಲ, ರಜೆಯ ದಿನ ಶಾಲಾ ಮೈದಾನ ಖಾಲಿಯಿರುತ್ತದೆ.